ಬೈಕಿನ ಹಿಂದೆ ಮಗು: ಮೈಸೂರು, ಮಂಡ್ಯದ ಸುತ್ತ ಒಂದು ದಿನದ ಪ್ರವಾಸ ಮಾಡುವ ಬಗೆ

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿ.ಮೀ. ಒಬ್ಬರೇ ಹೋದರೆ ಒಂದೂಕಾಲು ಗಂಟೆಯ ದಾರಿ. ಎಂಟು ವರ್ಷದ ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟರೆ ಅದೇ ದಾರಿಗೆ ಮೂರು ಗಂಟೆ ಇಟ್ಟುಕೊಳ್ಳಿ. ಮಗುವಿಗೆ ಉಚ್ಚೆ ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ, ಊಟ ಆದಮೇಲೆ ತೂಕಡಿಕೆ ಬರುತ್ತದೆ. ಈ ಮೂರಕ್ಕೂ ಎಲ್ಲೆಲ್ಲಿ ನಿಲ್ಲಿಸಬೇಕು ಎಂದು ಮೊದಲು ಗೊತ್ತು ಮಾಡಿಕೊಂಡು, ನೋಡುವ ಜಾಗಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಜಾಗಗಳ ಪಟ್ಟಿ ಹಿಡಿದು ಹೊರಟವರ ಮಗು ಮೂರನೇ ಜಾಗದ ಹೊತ್ತಿಗೆ ಅಳುತ್ತಾ ಕೂತಿರುತ್ತದೆ.

ಮಗು ಹಿಂದೆ ಕೂರಲು ತಯಾರಿದೆಯೇ?

ವಯಸ್ಸು ನೋಡಬೇಡಿ, ಕಾಲು ನೋಡಿ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ಎರಡೂ ಪಾದದ ಮುಂಭಾಗ ಫುಟ್‌ರೆಸ್ಟಿನ ಮೇಲೆ ಚೆನ್ನಾಗಿ ಊರಬೇಕು, ಮಂಡಿ ಸ್ವಲ್ಪ ಮಡಚಿರಬೇಕು. ತುದಿಬೆರಳಷ್ಟೇ ಮುಟ್ಟಿದರೆ ಸಾಲದು. ನೇತಾಡುವ ಕಾಲು ಹಂಪಿನಲ್ಲಿ ಒಳಕ್ಕೆ ವಾಲುತ್ತದೆ, ಹಿಮ್ಮಡಿ ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಹಿಂದೆ ಕೂತ ಚಿಕ್ಕ ಮಕ್ಕಳಿಗೆ ಆಗುವ ಕೆಟ್ಟ ಗಾಯಗಳಲ್ಲಿ ಇದೂ ಒಂದು. ಎಡಗಡೆಯ ಸೀರೆ ಗಾರ್ಡನ್ನು ಚೆಂದಕ್ಕಾಗಿ ಬಿಚ್ಚಿಸಿದವರು ಹೊರಡುವ ಮೊದಲು ಮತ್ತೆ ಹಾಕಿಸಿ. ಹಿಂಬದಿ ಸವಾರರಿಗೆ ಹಿಡಿ, ಫುಟ್‌ರೆಸ್ಟ್, ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ತಡೆ, ಈ ಮೂರೂ ಗಾಡಿಗೆ ಇರಲೇಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ.

ಎರಡನೇ ಪರೀಕ್ಷೆ ಹಿಡಿತದ್ದು. ಮಗು ನಿಮ್ಮ ಸೊಂಟ ಹಿಡಿದುಕೊಂಡು, ಹೇಳಿದ್ದನ್ನು ಕೇಳಿಕೊಂಡು ಇಪ್ಪತ್ತು ನಿಮಿಷ ಕೂರಬಲ್ಲದೇ? ಊರೊಳಗೆ ನಾಲ್ಕಾರು ಸುತ್ತು ಹಾಕಿ ನೋಡಿ. ಬಲಕ್ಕೆ ನವಿಲು ಕಂಡಿತೆಂದು ಪೂರ್ತಿ ಬಲಕ್ಕೆ ವಾಲುವ ಮಗುವಾದರೆ ಇನ್ನೊಂದು ವರ್ಷ ತಡೆಯಿರಿ. ಹೆಚ್ಚಿನ ಮಕ್ಕಳಿಗೆ ಈ ಎರಡೂ ಕೂಡಿಬರುವುದು ಏಳರಿಂದ ಒಂಬತ್ತರ ನಡುವೆ.

ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಜೊತೆಗೆ ಸವಾರರಿಗೆ ಕಟ್ಟಿಕೊಳ್ಳುವ ಸುರಕ್ಷತಾ ಬೆಲ್ಟ್ ಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. 2022ರ ಫೆಬ್ರವರಿಯಲ್ಲಿ ಹೊರಟ ಈ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಸವಾರರನ್ನು ಬಿಟ್ಟು ಇನ್ನೊಬ್ಬರು ಮಾತ್ರ ಕೂರಬಹುದಾದ್ದರಿಂದ ಅಪ್ಪ, ಅಮ್ಮ, ನಡುವೆ ಮಗು ಎನ್ನುವ ಲೆಕ್ಕ ಬಿಡಿ. ನಿಯಮ ಏನೇ ಬಿಡುವು ಕೊಟ್ಟಿದ್ದರೂ ನಾಲ್ಕರೊಳಗಿನ ಮಗುವನ್ನು ದಿನದ ಪ್ರವಾಸಕ್ಕೆ ಬೈಕಿನಲ್ಲಿ ಒಯ್ಯಬೇಡಿ. ಬಸ್ಸಿದೆ.

ಟ್ಯಾಂಕಿನ ಮೇಲೆ ಕೂರಿಸುವುದು, ಸ್ಕೂಟರಿನ ಮುಂದೆ ನಿಲ್ಲಿಸುವುದು ನಮ್ಮ ಕಡೆ ಎಲ್ಲೆಲ್ಲೂ ಕಾಣುತ್ತದೆ. ಜೋರಾಗಿ ಬ್ರೇಕ್ ಹಿಡಿದರೆ ಮಗುವಿನ ಎದೆ ಹ್ಯಾಂಡಲಿಗೆ ಬಡಿಯುತ್ತದೆ, ಅದರ ಬೆನ್ನ ಮೇಲೆ ನಿಮ್ಮ ತೂಕ ಬೀಳುತ್ತದೆ. ಹ್ಯಾಂಡಲ್ ಪೂರ್ತಿ ತಿರುಗುವುದೂ ಇಲ್ಲ. ಬೀದಿ ತುದಿಯ ಅಂಗಡಿಗೂ ಇದು ಬೇಡ.

ಹೆಲ್ಮೆಟ್ಟಿಗೆ ಹಣ, ಉಳಿದದ್ದಕ್ಕೆ ಬುದ್ಧಿ

ದೊಡ್ಡವರ ಹೆಲ್ಮೆಟ್ಟಿನೊಳಗೆ ಟವೆಲ್ ತುರುಕಿ ಮಗುವಿಗೆ ಹಾಕಿದರೆ ಪೊಲೀಸರಿಗೆ ತೋರಿಸಲು ಆದೀತು, ತಲೆ ಉಳಿಸಲು ಆಗದು. ಹೊಲಿಗೆ ಟೇಪನ್ನು ಹುಬ್ಬಿನ ಮೇಲೆ ಒಂದು ಬೆರಳಷ್ಟು ಬಿಟ್ಟು, ಹಿಂದೆ ತಲೆ ಅತಿ ಉಬ್ಬಿರುವಲ್ಲಿ ಹಾಯಿಸಿ ಸುತ್ತಳತೆ ತೆಗೆಯಿರಿ. ಶಾಲೆಯ ಮಕ್ಕಳಿಗೆ ಸಾಮಾನ್ಯವಾಗಿ 50ರಿಂದ 54 ಸೆಂ.ಮೀ. ಬರುತ್ತದೆ. ಹಿಂದುಗಡೆ ಐಎಸ್‌ಐ ಗುರುತು ಮತ್ತು ಐಎಸ್ 4151 ಎನ್ನುವ ಸಂಖ್ಯೆ ಇರಬೇಕು. ರಸ್ತೆಬದಿಯಲ್ಲಿ ಗುಡ್ಡೆ ಹಾಕಿ ಮಾರುವ ಹೆಲ್ಮೆಟ್ಟಿನ ಮೇಲಿನ ಅಂಟು ಚೀಟಿಯನ್ನು ನಂಬಬೇಡಿ. ಒಳಗಿನ ಥರ್ಮೋಕೋಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಸುಲಭವಾಗಿ ಕುಳಿ ಬಿದ್ದರೆ ಅದು ಬರೀ ಟೊಪ್ಪಿಗೆ.

ಅಂಗಡಿಯಲ್ಲೇ ಹಾಕಿಸಿ, ಪಟ್ಟಿ ಬಿಗಿಸಿ. ಗಲ್ಲದ ಕೆಳಗೆ ಎರಡು ಬೆರಳು ಹೋಗುವಷ್ಟು ಜಾಗ ಸಾಕು. ಮಗು ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಆಮೇಲೆ ಹಿಂದಿನ ಅಂಚಿಗೆ ಕೈ ಕೊಟ್ಟು ಮುಂದಕ್ಕೆ ಎತ್ತಿ ನೋಡಿ. ಹಣೆಯ ಮೇಲೆ ಉರುಳಿ ಕಳಚಿಕೊಂಡರೆ ಅದು ಬೇಡ. ಕೆನ್ನೆಯ ಮೆತ್ತೆ ಒತ್ತಿ ತುಟಿ ಸ್ವಲ್ಪ ಮೀನಿನ ಬಾಯಿಯಾದರೆ ಅದೇ ಸರಿಯಾದ ಅಳತೆ. ತೂಕವೂ ಮುಖ್ಯ. ಮಗುವಿನ ಕತ್ತು ಸಣ್ಣದು, ಒಂದು ಕೆಜಿಯೊಳಗಿನದೇ ಆರಿಸಿ. ಗಾಜು ಬಣ್ಣವಿಲ್ಲದ್ದಾಗಿರಲಿ, ಕಪ್ಪು ಗಾಜು ಸಂಜೆ ಆರರ ಮೇಲೆ ಕುರುಡು.

ಮಗು ಹಿಡಿದುಕೊಳ್ಳಲು ನಿಮ್ಮ ಸೊಂಟಕ್ಕೆ ಕಟ್ಟುವ, ಎರಡೂ ಬದಿ ಹಿಡಿಯಿರುವ ಅಗಲದ ಬೆಲ್ಟ್ ಸಿಗುತ್ತದೆ, ಅದು ಒಳ್ಳೆಯದು. ಜಾಕೆಟ್ಟು ಜಾರುತ್ತದೆ, ಬೆಲ್ಟ್ ಜಾರುವುದಿಲ್ಲ. ದುಪಟ್ಟಾ, ಟವೆಲಿನಿಂದ ಮಗುವನ್ನು ಬೆನ್ನಿಗೆ ಕಟ್ಟುವುದು ಮಾತ್ರ ಬೇಡವೇ ಬೇಡ. ಗಂಟು ಸಡಿಲವಾದರೆ ತುದಿ ಹೋಗಿ ಸೇರುವುದು ಚಕ್ರವನ್ನೇ.

ಬಟ್ಟೆಯಲ್ಲಿ ಗಮನಿಸಬೇಕಾದ್ದು ಪ್ಯಾಂಟು ಮತ್ತು ಬೂಟು. ಸೈಲೆನ್ಸರ್ ಬಲಗಡೆ, ಮಗುವಿನ ಮೀನಖಂಡದ ಪಕ್ಕದಲ್ಲೇ ಇರುತ್ತದೆ. ದಪ್ಪ ಜೀನ್ಸ್, ಹಿಮ್ಮಡಿ ಮುಚ್ಚುವ ಶಾಲೆಯ ಬೂಟು ಸಾಕು. ಲೇಸಿನ ತುದಿಯನ್ನು ಬೂಟಿನೊಳಗೆ ಸೇರಿಸಿ.

ಗಾಡಿಯಲ್ಲಿ ಹೊರಡುವ ಮೊದಲು ನೋಡಬೇಕಾದ್ದು

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡಿ. ಚೈನ್ ಕವರ್ ಅಥವಾ ಸ್ವಿಂಗ್ ಆರ್ಮಿನ ಮೇಲಿನ ಸ್ಟಿಕ್ಕರಿನಲ್ಲಿ ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂದು ಎರಡು ಅಂಕಿ ಇರುತ್ತವೆ. ಇಬ್ಬರ ಅಂಕಿಗೆ ತುಂಬಿಸಿ, ಅದಕ್ಕಿಂತ ಒಂದು ಪಾಯಿಂಟೂ ಹೆಚ್ಚು ಬೇಡ. ಬಂಕಿನ ಹುಡುಗರು ಕೇಳದೆ 40 ಹೊಡೆದುಬಿಡುತ್ತಾರೆ, ಹಾಗೆ ಗಟ್ಟಿಯಾದ ಟೈರು ಜಲ್ಲಿಯ ಮೇಲೆ ಜಾರುತ್ತದೆ.

ಹಿಂದಿನ ಶಾಕಿನ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಹಿಂದೆ ಜನ ಕೂರುತ್ತಾರೆಂದು ಸ್ಪ್ರಿಂಗಿನ ಬಿಗಿ ಹೊಂದಿಸುವ ಐದು ಹಲ್ಲಿನ ಕಪ್ಪನ್ನು ಕೊನೆಯ ಹಲ್ಲಿಗೆ ತಿರುಗಿಸಿ ಬಿಗಿ ಮಾಡಿಬಿಡುತ್ತಾರೆ. ಮಗುವಿನ ತೂಕ 22–25 ಕೆಜಿ. ಅಷ್ಟು ಬಿಗಿಯಾದ ಸ್ಪ್ರಿಂಗ್ ಆ ತೂಕಕ್ಕೆ ಕುಸಿಯುವುದೇ ಇಲ್ಲ, ಪ್ರತಿ ಹಂಪಿನಲ್ಲೂ ಮಗುವನ್ನು ಸೀಟಿನಿಂದ ಎತ್ತಿ ಹಾಕುತ್ತದೆ. ಎರಡನೇ ಹಲ್ಲು, ಬ್ಯಾಗು ಭಾರವಿದ್ದರೆ ಮೂರನೆಯದು, ಸಾಕು. ಎರಡೂ ಬದಿಯ ಶಾಕ್ ಒಂದೇ ಹಲ್ಲಿನಲ್ಲಿರಬೇಕು.

ಚೈನಿನ ಕೆಳಗಿನ ಎಳೆಯನ್ನು ನಡುಮಧ್ಯದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ 20ರಿಂದ 30 ಮಿ.ಮೀ. ಆಡಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿ, ಹಳೆ ಚೈನು ಒಂದೆಡೆ ಸಡಿಲ, ಇನ್ನೊಂದೆಡೆ ಬಿಗಿ ಇರುತ್ತದೆ. ಜನ ಕೂತಾಗ ಚೈನು ಇನ್ನಷ್ಟು ಎಳೆಯುವುದರಿಂದ ಖಾಲಿ ಗಾಡಿಯಲ್ಲಿ ತೀರಾ ಬಿಗಿ ಮಾಡಬಾರದು. ಒರೆಸಿ ಎಣ್ಣೆ ಹಾಕುವಾಗ ಎಂಜಿನ್ ಬಂದ್ ಇರಲಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಚಾಲೂ ಗಾಡಿಯ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರನ್ನು ಗ್ಯಾರೇಜಿನವರು ಬೇಕಾದಷ್ಟು ಕಂಡಿದ್ದಾರೆ.

ಹಿಂದಿನ ಡ್ರಮ್ ಬ್ರೇಕಿನ ತೋಳಿನ ಬಳಿ ಬಾಣದ ಗುರುತಿರುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಬಾಣ ಡ್ರಮ್ಮಿನ ಮೇಲಿನ ಗೆರೆಗೆ ಬಂದರೆ ಬ್ರೇಕ್ ಶೂ ಸವೆದಿದೆ ಎಂದರ್ಥ. ಎಡ ಹ್ಯಾಂಡಲಿಗೆ ಒಂದು ಚಿಕ್ಕ ಉಬ್ಬುಗನ್ನಡಿ ಹಾಕಿಸಿ, ಅದು ಮಗುವಿನ ಮುಖ ಕಾಣುವಂತಿರಲಿ. ತಿರುಗಿ ನೋಡದೆ ಮಗು ಎಚ್ಚರವಿದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಸಾಮಾನನ್ನು ಟ್ಯಾಂಕ್ ಬ್ಯಾಗಿನಲ್ಲಿಡಿ. ಮಗುವಿನ ಬೆನ್ನಿಗೆ ಬ್ಯಾಗು ಹಾಕಿದರೆ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಹಿಂದಕ್ಕೆ ಜಗ್ಗುತ್ತದೆ. ಇಬ್ಬರಿಗೆ ಎರಡು ಲೀಟರ್ ನೀರು, ಓಆರ್‌ಎಸ್, ಒಂದು ಜೊತೆ ಬಟ್ಟೆ, ದಪ್ಪ ಸಾಕ್ಸು, ಮೇಲಂಗಿ-ಪ್ಯಾಂಟು ಬೇರೆಬೇರೆಯಾದ ರೇನ್‌ಕೋಟು, ಪಂಕ್ಚರ್ ಕಿಟ್, ಕಾಲಿನ ಪಂಪು, ಟಾರ್ಚು. ಕಂಬಳಿಯಂತೆ ಹೊದೆಯುವ ರೇನ್‌ಕೋಟು ಗಾಳಿಗೆ ಹಾರಿ ಚಕ್ರಕ್ಕೆ ಸಿಗುತ್ತದೆ. ಮಳೆ ಬಂತೆಂದು ಹಿಂದೆ ಕೂತ ಮಗು ಕೊಡೆ ಬಿಚ್ಚಿದರಂತೂ ಗಾಳಿ ಅದನ್ನು ಕೊಡೆಯ ಸಮೇತ ಹಿಂದಕ್ಕೆ ಎಳೆಯುತ್ತದೆ. ಮಗುವಿನ ಜೇಬಿನಲ್ಲಿ ಹೆಸರು, ರಕ್ತದ ಗುಂಪು, ಮನೆಯಲ್ಲಿರುವವರ ಫೋನ್ ನಂಬರ್ ಬರೆದ ಚೀಟಿ ಇರಲಿ. ನಿಮ್ಮ ಫೋನು ನಿಮ್ಮ ಜೊತೆಗೇ ಬಿದ್ದು ಒಡೆದರೆ ಉಪಯೋಗಕ್ಕೆ ಬರುವುದು ಆ ಚೀಟಿ.

ದಾರಿ ಒಂದು: ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆ

ಮೊದಲ ಪ್ರವಾಸಕ್ಕೆ ಈ ದಾರಿಯೇ ಸರಿ. ಹದಿನೈದು ಇಪ್ಪತ್ತು ಕಿ.ಮೀ.ಗೆ ಒಂದು ನಿಲುಗಡೆ ತಾನಾಗಿ ಸಿಗುತ್ತದೆ, ನೆರಳೂ ಇದೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಹೋಗಿ. ವೈರಮುಡಿ ಉತ್ಸವದ ದಿನಗಳಲ್ಲಿ ಮೇಲುಕೋಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಮಗುವಿನ ಜೊತೆ ಬೇಡ.

ಬೆಳಿಗ್ಗೆ ಏಳರ ಮುಂಚೆ ಹೊರಡಬೇಡಿ. ಡಿಸೆಂಬರ್, ಜನವರಿಯಲ್ಲಿ ನಾಲೆ, ಗದ್ದೆಗಳ ಬಯಲಿನಲ್ಲಿ ಮಂಜು ಕವಿದಿರುತ್ತದೆ. ಹಿಂದೆ ಕೂತ ಮಗು ಮೈಯಾಡಿಸದೆ ಕೂತಿರುವುದರಿಂದ ನಿಮಗಿಂತ ಮೊದಲು ನಡುಗುತ್ತದೆ. ಬಿಸಿಲೇರಿದ ಮೇಲೆ ಇದು ತಲೆಕೆಳಗು: ಗಾಳಿಯೆಲ್ಲ ನಿಮಗೆ, ಬೆವರೆಲ್ಲ ಮಗುವಿಗೆ. ನಿಮಗೆ ಹಿತವಾಗಿದೆ ಎಂದು ಅದಕ್ಕೂ ಹಿತವಾಗಿದೆ ಅಂದುಕೊಳ್ಳಬೇಡಿ, ನಿಂತಾಗಲೆಲ್ಲ ಕತ್ತಿನ ಹಿಂದೆ ಕೈಯಿಟ್ಟು ನೋಡಿ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಹೋಗುವಂತಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಎದುರಿನಿಂದ ಬರುವವರೂ ಇರುತ್ತಾರೆ, ಉಲ್ಟಾ ಬರುವವರೂ ಇರುತ್ತಾರೆ. ಎಡಕ್ಕೆ ಅಂಟಿಕೊಂಡು 40ರಲ್ಲಿ ಹೋಗಿ. ಮಳೆಗಾಲದಲ್ಲಿ ಕೆಳಸೇತುವೆಗಳಲ್ಲಿ ನೀರು ನಿಂತಿದ್ದರೆ ಮುಂದಿನ ಗಾಡಿಯ ಚಕ್ರ ಎಷ್ಟು ಮುಳುಗುತ್ತದೆಂದು ನೋಡದೆ ಇಳಿಯಬೇಡಿ.

ಶ್ರೀರಂಗಪಟ್ಟಣದಲ್ಲಿ ತಿಂಡಿ. ಇಡ್ಲಿ ಸರಿ, ಎಣ್ಣೆ ಜಿನುಗುವ ಪೂರಿ, ಒಂದು ಲೋಟ ಹಾಲು ಬೇಡ, ಮುಂದಿನ ಹತ್ತು ಹಂಪಿನಲ್ಲಿ ಅದು ಹೆಲ್ಮೆಟ್ಟಿನೊಳಗೆ ಬರುತ್ತದೆ. ಊಟ, ತಿಂಡಿ ಆದಮೇಲೆ ಇಪ್ಪತ್ತು ನಿಮಿಷ ನಡೆಸಿ. ಅದಕ್ಕೆ 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಬಾಗಿನ ತೋಟ ಹೇಳಿ ಮಾಡಿಸಿದಂತಿದೆ. ಗೋಡೆಯ ಯುದ್ಧಚಿತ್ರದಲ್ಲಿ ಆನೆ ಎಷ್ಟಿವೆ ಎಣಿಸಲು ಬಿಟ್ಟರೆ ಅರ್ಧ ಗಂಟೆ ಕಳೆಯುತ್ತದೆ. ಪುರಾತತ್ವ ಇಲಾಖೆಯ ಜಾಗಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಅಲ್ಲಿಂದ ಪಾಂಡವಪುರ, ಮುಂದೆ ಎಡಕ್ಕೆ ಕೆರೆ ತೊಣ್ಣೂರು. ಬೆಟ್ಟಗಳ ನಡುವಿನ ಈ ಕೆರೆಯ ನೀರು ತಿಳಿಯಾಗಿ ಕಾಣುವುದರಿಂದಲೇ ಅಪಾಯ, ಆಳ ಗೊತ್ತಾಗುವುದಿಲ್ಲ. ಏರಿಯ ಮೇಲಿಂದ ನೋಡಿ, ಮೆಟ್ಟಿಲಿಳಿದು ಕಾಲು ಬಿಡುವುದಾದರೆ ಮಗುವಿನ ಕೈ ನಿಮ್ಮ ಕೈಯಲ್ಲಿರಲಿ. ಪಕ್ಕದ ಊರಿನ ನಂಬಿನಾರಾಯಣ ದೇವಸ್ಥಾನದ ಕಂಬಗಳ ಮಂಟಪ ತಂಪಾಗಿದೆ. ಕುಂತಿ ಬೆಟ್ಟವನ್ನು ದೂರದಿಂದ ತೋರಿಸಿ ಸಾಕು. ಒಂದೇ ದಿನ ಎರಡು ಬೆಟ್ಟ ಹತ್ತಿಸಿದರೆ ಮಧ್ಯಾಹ್ನದ ಸವಾರಿಯಲ್ಲಿ ಮಗು ಮಲಗುವುದು ಖಂಡಿತ.

ಪಾಂಡವಪುರದ ಸುತ್ತ ಕಬ್ಬು ಅರೆಯುವ ಕಾಲದಲ್ಲಿ ರಸ್ತೆಬದಿಗೆ ಆಲೆಮನೆಗಳ ಹೊಗೆ ಕಾಣುತ್ತದೆ. ಕೇಳಿದರೆ ಒಳಗೆ ಬಿಡುತ್ತಾರೆ. ಕಬ್ಬು ಗಾಣಕ್ಕೆ ಹೋಗುವುದು, ಸಿಪ್ಪೆ ಒಲೆಗೆ ಹೋಗುವುದು, ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಾ ಹಸಿರಿನಿಂದ ಕಂದಿಗೆ ತಿರುಗುವುದು, ಮೇಲೆ ಬಂದ ಕೊಳೆಯ ನೊರೆಯನ್ನು ಎತ್ತಿ ಹಾಕುವುದು, ಪಾಕ ಗಟ್ಟಿಯಾದಾಗ ಅಚ್ಚಿಗೆ ಸುರಿಯುವುದು, ಇಷ್ಟನ್ನೂ ಒಂದೇ ಸೂರಿನ ಕೆಳಗೆ ನೋಡಬಹುದು. ಈ ಇಡೀ ದಾರಿಯಲ್ಲಿ ಮಗುವಿಗೆ ನೆನಪುಳಿಯುವ ನಿಲುಗಡೆ ಬಹುಶಃ ಇದೇ. ಆದರೆ ನೆಲದ ಮಟ್ಟದಲ್ಲೇ ಕುದಿಯುವ ಕೊಪ್ಪರಿಗೆ, ಸುತ್ತ ಜಿಗುಟು ನೆಲ. ಐದು ಹೆಜ್ಜೆ ದೂರ ನಿಲ್ಲಿಸಿ, ಗಾಣದ ಬೆಲ್ಟಿನ ಕಡೆ ಹೋಗಲೇಬೇಡಿ. ಬಿಸಿ ಬೆಲ್ಲ ಕೊಟ್ಟರೆ ಎಲೆಯ ಮೇಲೆ ಆರಲು ಬಿಡಿ.

ಜಕ್ಕನಹಳ್ಳಿಯಲ್ಲಿ ಎಡಕ್ಕೆ ತಿರುಗಿದರೆ ಮೇಲುಕೋಟೆ. ಮಂಡ್ಯದವರು ದುದ್ದದ ಮೇಲೆ ಬಂದು ಇಲ್ಲೇ ಸೇರಿಕೊಳ್ಳಬಹುದು. ಹನ್ನೊಂದರ ಒಳಗೆ ತಲುಪಿ ಮೊದಲು ಯೋಗನರಸಿಂಹನ ಬೆಟ್ಟ ಹತ್ತಿಬಿಡಿ. ಮಧ್ಯಾಹ್ನ ಕಲ್ಲು ಸುಡುತ್ತದೆ, ದೇವಸ್ಥಾನದ ಬಾಗಿಲೂ ಹಾಕುತ್ತಾರೆ. ಇಲ್ಲಿ ಕೋತಿಗಳಿವೆ. ಹ್ಯಾಂಡಲಿಗೆ ತಿಂಡಿಯ ಕವರ್ ನೇತುಹಾಕಿ ಹೋದರೆ ವಾಪಸ್ ಬರುವ ಹೊತ್ತಿಗೆ ಕವರೂ ಇರುವುದಿಲ್ಲ, ಸೀಟಿನ ರೆಕ್ಸಿನ್ನೂ ಹರಿದಿರುತ್ತದೆ. ಹೆಲ್ಮೆಟ್ಟುಗಳನ್ನು ಕೈಯಲ್ಲೇ ಹಿಡಿದುಕೊಳ್ಳಿ. ಇಳಿದು ಬಂದು ಪುಳಿಯೋಗರೆ, ಮೊಸರನ್ನ, ಆಮೇಲೆ ಕಲ್ಯಾಣಿಯ ಸುತ್ತಿನ ಮಂಟಪದಲ್ಲಿ ಟವೆಲ್ ಹಾಸಿ ಮಗುವನ್ನು ಮಲಗಿಸಿ. ಒಂದು ಗಂಟೆ ಪೂರ್ತಿ. ಅಕ್ಕ-ತಂಗಿ ಕೊಳ, ಪೂರ್ತಿಯಾಗದೆ ನಿಂತ ರಾಯಗೋಪುರ ಎಲ್ಲ ಎದ್ದ ಮೇಲೆ. ಈ ನಿದ್ದೆಯನ್ನು ತಪ್ಪಿಸಲು ಹೋದರೆ ಅದು ಗಾಡಿಯ ಮೇಲೆ ಬರುತ್ತದೆ.

ಮೂರಕ್ಕೆ ಹೊರಟರೆ ನಾಲ್ಕೂಕಾಲಿಗೆ ರಂಗನತಿಟ್ಟು. 1940ರಲ್ಲಿ ಸಲೀಂ ಅಲಿಯವರ ಸಲಹೆಯ ಮೇರೆಗೆ ಪಕ್ಷಿಧಾಮವಾದ ಜಾಗ. ದೋಣಿಯಲ್ಲಿ ಹೋದರೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳೂ ಕಾಣುತ್ತವೆ, ಹಾಗಾಗಿ ನೀರಿಗೆ ಕೈ ಬಿಡುವಂತಿಲ್ಲ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿ ನಿಲ್ಲಿಸುತ್ತಾರೆ. ಮನೆಗೆ ಹತ್ತಿರದ ಜಾಗವನ್ನು ಕೊನೆಗೆ ಇಟ್ಟುಕೊಳ್ಳಲು ಕಾರಣವಿದೆ: ತಡವಾದರೆ ಬಿಟ್ಟು ನೇರ ಮನೆಗೆ ಹೋಗಬಹುದು. ಅದೇ ದಿನ ಬೃಂದಾವನದ ಕಾರಂಜಿ, ದೀಪಗಳನ್ನೂ ತೋರಿಸುವ ಆಸೆ ಬೇಡ. ಅದು ಕತ್ತಲಾದ ಮೇಲಿನ ಕಾರ್ಯಕ್ರಮ, ಬಸ್ಸಿನಲ್ಲಿ ಇನ್ನೊಂದು ದಿನ ಹೋಗಿ.

ಓಡಿಸುವಾಗ

ಹತ್ತುವ ಕ್ರಮವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಮೊದಲು ನೀವು ಕೂತು, ಎರಡೂ ಕಾಲು ನೆಲಕ್ಕೂರಿ, ಮುಂದಿನ ಬ್ರೇಕ್ ಹಿಡಿದು "ಹತ್ತು" ಎನ್ನಬೇಕು. ಆಮೇಲೆ ಮಗು ಎಡಗಡೆಯಿಂದ ಹತ್ತಬೇಕು. ಇಳಿಯುವಾಗ ಮೊದಲು ಮಗು, ಅದೂ "ಇಳಿ" ಎಂದಮೇಲೆ, ಎಡಕ್ಕೇ. ಗಾಡಿ ಸೈಡ್ ಸ್ಟ್ಯಾಂಡಿನಲ್ಲಿದ್ದಾಗ ಎಡ ಫುಟ್‌ರೆಸ್ಟ್ ಮೆಟ್ಟಿ ಹತ್ತಿದರೆ ಇಡೀ ಭಾರ ಸ್ಟ್ಯಾಂಡಿನ ಮೇಲೆ ಬೀಳುತ್ತದೆ. ಹಸಿ ಮಣ್ಣಾದರೆ ಸ್ಟ್ಯಾಂಡು ಇಳಿದು ಗಾಡಿ ಮಗುವಿನ ಮೇಲೇ ಬೀಳುತ್ತದೆ. ಮಣ್ಣಿನಲ್ಲಿ ನಿಲ್ಲಿಸುವಾಗ ಸ್ಟ್ಯಾಂಡಿನ ಅಡಿಗೆ ಚಪ್ಪಟೆ ಕಲ್ಲು ಕೊಡಿ.

ಹೆಲ್ಮೆಟ್ಟಿನೊಳಗೆ ಮಾತು ಕೇಳುವುದಿಲ್ಲ. ತಟ್ಟುವ ಭಾಷೆ ಗೊತ್ತು ಮಾಡಿಕೊಳ್ಳಿ: ಒಂದು ತಟ್ಟಿದರೆ ನಿಧಾನ, ಎರಡಾದರೆ ನಿಲ್ಲಿಸು, ಬಿಡದೆ ತಟ್ಟಿದರೆ ತಕ್ಷಣ ನಿಲ್ಲಿಸು. ಎರಡು ತಟ್ಟಿದಾಗ "ಇನ್ನೈದು ನಿಮಿಷ ಕಣೋ" ಎಂದು ಮುಂದುವರಿದರೆ ಮುಂದಿನ ಸಲ ಅದು ತಟ್ಟುವುದೇ ಇಲ್ಲ.

ಗೇರ್ ಬದಲಿಸಿದಾಗಲೆಲ್ಲ ಮಗುವಿನ ಹೆಲ್ಮೆಟ್ ನಿಮ್ಮ ಬೆನ್ನಿಗೆ ಟಕ್ಕೆಂದು ತಾಗುತ್ತಿದ್ದರೆ ತಪ್ಪು ಮಗುವಿನದಲ್ಲ, ನಿಮ್ಮ ಕ್ಲಚ್ಚಿನದು. ಕ್ಲಚ್ಚನ್ನು ನಿಧಾನವಾಗಿ ಬಿಡಿ, ಬ್ರೇಕನ್ನು ಬೇಗ ಶುರು ಮಾಡಿ ಮೆಲ್ಲಗೆ ಹಿಡಿಯಿರಿ. ಗೇರ್ ಬದಲಿಸದೆಯೂ ಹೆಲ್ಮೆಟ್ ಒಂದೇ ಲಯದಲ್ಲಿ ತಾಗತೊಡಗಿದರೆ ಮಗು ತೂಕಡಿಸುತ್ತಿದೆ. ಬೆಲ್ಟಿನ ಹಿಡಿತ ಸಡಿಲವಾಗುವುದು ಅದರ ಮುಂದಿನ ಹಂತ. ಆಗ ಹಾಡು, ಕತೆ ಯಾವುದೂ ಕೆಲಸಕ್ಕೆ ಬಾರದು. ಎಡಗೈ ಹಿಂದೆ ಚಾಚಿ ಮಗುವನ್ನು ಹಿಡಿದುಕೊಂಡು ಒಂದೇ ಕೈಯಲ್ಲಿ ಓಡಿಸುವ ಸಾಹಸ ಬೇಡ, ಸಿಕ್ಕ ಮೊದಲ ನೆರಳಿನಲ್ಲಿ ನಿಲ್ಲಿಸಿ ಇಳಿಸಿ. ಇಪ್ಪತ್ತು ನಿಮಿಷ ಮಲಗಿ, ಎದ್ದು, ಮುಖ ತೊಳೆದು, ಎಳನೀರು ಕುಡಿದ ಮೇಲೆ ಹೊರಡಿ. ಎಳನೀರಿಗಂತೂ ಮಂಡ್ಯ ಜಿಲ್ಲೆಯಲ್ಲಿ ಬರವಿಲ್ಲ.

ಹಳ್ಳಿ ಶುರುವಾಗುವ ಮುಂಚೆ, ಮುಗಿದ ಮೇಲೆ, ಬಣ್ಣ ಬಳಿಯದ ಹಂಪು ಇದ್ದೇ ಇರುತ್ತದೆ ಎಂದುಕೊಂಡೇ ಬನ್ನಿ. ಹಂಪಿಗೆ 15ಕ್ಕೆ ಇಳಿಸಿ "ಹಂಪು" ಎಂದು ಕೂಗಿ. ಮಗು ಫುಟ್‌ರೆಸ್ಟಿನ ಮೇಲೆ ಕಾಲು ಒತ್ತಿ ಹಿಡಿಯಬೇಕು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹಾಸಿ ಒಕ್ಕಣೆ ಮಾಡುತ್ತಾರೆ. ಹುರುಳಿ ಕಡ್ಡಿಯ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ದೂರದಿಂದಲೇ ವೇಗ ಇಳಿಸಿ, ನೇರವಾಗಿ, ಬ್ರೇಕ್ ಮುಟ್ಟದೆ ದಾಟಿ. ಕಬ್ಬಿನ ಟ್ರ್ಯಾಕ್ಟರನ್ನು ತಿರುವಿನಲ್ಲಿ ಹಿಂದೆ ಹಾಕಬೇಡಿ. ಹೊರಚಾಚಿದ ಜಲ್ಲೆಗಳು ಸರಿಯಾಗಿ ಮಗುವಿನ ಭುಜದ ಎತ್ತರಕ್ಕೆ ಬರುತ್ತವೆ, ಕತ್ತಲಾದ ಮೇಲೆ ಹಿಂದಿನ ದೀಪವೂ ಇರುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಏರಿಯ ರಸ್ತೆಗಳು ನೋಡಲು ತಂಪು, ಗೂಗಲ್ ನಕ್ಷೆಯೂ ಹತ್ತಿರವೆಂದು ಅಲ್ಲೇ ತಿರುಗಿಸುತ್ತದೆ. ಎಷ್ಟೋ ಕಡೆ ತಡೆಗೋಡೆ ಇಲ್ಲ, ಎದುರು ಗಾಡಿ ಬಂದರೆ ಸರಿಯಲು ಜಾಗ ಇಲ್ಲ, ಪಕ್ಕದಲ್ಲಿ ತುಂಬಿ ಓಡುವ ನೀರು. ಸುತ್ತಾದರೂ ಮುಖ್ಯ ರಸ್ತೆಯೇ ಆಗಲಿ.

ಇನ್ನೆರಡು ದಾರಿ, ಚಿಕ್ಕದಾಗಿ

ಮೈಸೂರು, ಬನ್ನೂರು, ಸೋಮನಾಥಪುರ, ತಿ.ನರಸೀಪುರ, ವಾಪಸ್ ಮೈಸೂರು: ಒಟ್ಟು ಸುಮಾರು 75 ಕಿ.ಮೀ., ಅರ್ಧ ದಿನದ ಕೆಲಸ. ಸೋಮನಾಥಪುರದಲ್ಲಿ ಹದಿಮೂರನೇ ಶತಮಾನದ ಕೇಶವ ದೇವಾಲಯದ ಹೊರಗೋಡೆ ಮಕ್ಕಳ ಎತ್ತರಕ್ಕೇ ಶುರುವಾಗುತ್ತದೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ಆಮೇಲೆ ರಾಮಾಯಣ, ಭಾಗವತ, ಮಹಾಭಾರತದ ಕತೆಗಳು. ಒಂದರಂತೆ ಇನ್ನೊಂದಿಲ್ಲದ ಆನೆಗಳನ್ನು ಹುಡುಕಲು ಬಿಡಿ. ಚಪ್ಪಲಿ ಬಿಡಬೇಕಾದ್ದರಿಂದ ಹತ್ತರ ಮೇಲೆ ಅಂಗಳದ ಕಲ್ಲು ಅಂಗಾಲು ಸುಡುತ್ತದೆ, ದಪ್ಪ ಸಾಕ್ಸು ತಂದದ್ದು ಇದಕ್ಕೇ. ತಲಕಾಡನ್ನೂ ಸೇರಿಸಬಹುದು, ಆದರೆ ಬಿಸಿ ಮರಳಿನಲ್ಲಿ ನಡೆಯಬೇಕಾಗುತ್ತದೆ. ಹತ್ತು ವರ್ಷ ದಾಟಿದವರಿಗೆ ಸರಿ.

ಮಂಡ್ಯ, ಮಳವಳ್ಳಿ, ಗಗನಚುಕ್ಕಿ ಜಲಪಾತದ ದಾರಿ ಜುಲೈಯಿಂದ ಸೆಪ್ಟೆಂಬರಿಗೆ, ಕಾವೇರಿ ತುಂಬಿದಾಗ. ಮಳವಳ್ಳಿ ಕಡೆಯ ವೀಕ್ಷಣಾ ಕಟ್ಟೆಯಿಂದ ಕಂಬಿಯ ಹಿಂದೆ ನಿಂತು ನೋಡಿದರೆ ಸಾಕು. 1902ರಲ್ಲಿ ಇಲ್ಲಿನ ನೀರಿನಿಂದ ತಯಾರಾದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋದದ್ದನ್ನು ಹೈಸ್ಕೂಲು ಮಕ್ಕಳಿಗೆ ಹೇಳಿ. ಕಾವೇರಿ ದಡದ ಬಲಮುರಿ, ಎಡಮುರಿ, ಸಂಗಮ, ಮುತ್ತತ್ತಿ ಎಲ್ಲೇ ಆಗಲಿ, ಬೈಕಿನಲ್ಲಿ ಬಂದ ಒಬ್ಬ ದೊಡ್ಡವರು, ಒಂದು ಮಗು ನೀರಿಗಿಳಿಯುವುದು ಬೇಡ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ಗೊತ್ತಾಗದಂತೆ ಏರುತ್ತದೆ, ಪಾಚಿಗಟ್ಟಿದ ಬಂಡೆ ಜಾರುತ್ತದೆ, ನೀವು ಮುಳುಗಿದರೆ ಮಗುವಿಗೆ ಇನ್ಯಾರೂ ಇಲ್ಲ.

ದಾರಿಯಲ್ಲಿ ಕೆಟ್ಟರೆ

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕಿದ್ದು ಕಂಡರೂ ಗಾಳಿ ಇಳಿಯುತ್ತಿಲ್ಲವಾದರೆ ಕೀಳಬೇಡಿ. ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ. ಗಾಳಿ ಇಳಿಯುತ್ತಿದ್ದರೆ ಮೊದಲ ಕೆಲಸ ಮಗುವನ್ನು ರಸ್ತೆಯಿಂದ ಹತ್ತು ಹೆಜ್ಜೆ ಆಚೆ ನೆರಳಿನಲ್ಲಿ ಕೂರಿಸುವುದು. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ನೋಡಿಕೊಂಡು ಇಕ್ಕಳದಿಂದ ಕಿತ್ತು, ಅದೇ ಓರೆಯಲ್ಲಿ ಅರದ ಸೂಜಿಯನ್ನು ಹತ್ತಾರು ಸಲ ಆಡಿಸಿ. ಪಟ್ಟಿಯನ್ನು ಸೂಜಿಯ ಕಣ್ಣಿಗೆ ನಡುವಿಗೆ ಪೋಣಿಸಿ, ಅಂಟು ಸವರಿ, ಹೊರಗೆ ಒಂದು ಬೆರಳಗಲ ಉಳಿಯುವಂತೆ ಒತ್ತಿ, ಸೂಜಿಯನ್ನು ಒಂದೇ ಏಟಿಗೆ ಹಿಂದಕ್ಕೆ ಎಳೆಯಿರಿ. ಮೆಲ್ಲಗೆ ಎಳೆದರೆ ಪಟ್ಟಿಯೂ ಜೊತೆಗೇ ಬರುತ್ತದೆ. ಹೆಚ್ಚಿನದನ್ನು 3 ಮಿ.ಮೀ. ಬಿಟ್ಟು ಕತ್ತರಿಸಿ, ಗಾಳಿ ಹೊಡೆದು, ಉಗುಳು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಟೈರಿನ ಪಕ್ಕದ ಗೋಡೆ ಹರಿದಿದ್ದರೆ ಪಟ್ಟಿ ನಿಲ್ಲುವುದಿಲ್ಲ, ಮಗುವನ್ನು ಬಸ್ಸಿಗೋ ಆಟೋಗೋ ಹತ್ತಿಸಿಕೊಂಡು ಹೋಗಿ, ಗಾಡಿಗೆ ಆಮೇಲೆ ಬನ್ನಿ.

ಸೈಲೆನ್ಸರ್ ತಾಗಿ ಸುಟ್ಟರೆ ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಹಚ್ಚಬೇಡಿ, ಬೊಬ್ಬೆ ಒಡೆಯಬೇಡಿ. ಆಂಬುಲೆನ್ಸಿಗೆ 108, ಪೊಲೀಸರಿಗೆ 112. ಬಿದ್ದಾಗ ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ ಗೀರು ಕಾಣದಿದ್ದರೂ ಅದರ ಕೆಲಸ ಮುಗಿಯಿತು, ಹೊಸದು ತನ್ನಿ. ಮಗು ವಾಂತಿ ಮಾಡಿಕೊಂಡರೆ, ಮಂಕಾದರೆ, ಗಾಯ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಿ.

ಮನೆಗೆ ಬಂದ ಸಂಜೆಯೇ ಹೆಲ್ಮೆಟ್ಟಿನ ಒಳಮೆತ್ತೆ ಬಿಚ್ಚಿ ಶಾಂಪೂ ನೀರಿನಲ್ಲಿ ಹಿಂಡದೆ ಒತ್ತಿ ತೊಳೆದು ನೆರಳಿನಲ್ಲಿ ಒಣಗಿಸಿ. ಬೆವರು ಹಿಡಿದ ಮೆತ್ತೆ ಮುಂದಿನ ವಾರಕ್ಕೆ ನಾರುತ್ತದೆ, ಮಗು ಅದನ್ನು ಹಾಕಿಕೊಳ್ಳಲು ತಕರಾರು ತೆಗೆಯುತ್ತದೆ.